ಯಾವ ಕೋರ್ಟು ಬಿಟ್ಟುಕೊಡೋದು

ನಮ್ಮ ಅಪಾರ್ಟ್‌ಮೆಂಟಲ್ಲಿ ಟೆನಿಸ್ ಕೋರ್ಟಿನ ಗೇಟ್ ಹತ್ರ ಒಂದು ಲಾಂಗ್ ಬುಕ್ ಇರುತ್ತೆ. ಮಳೆಗೆ ನೆಂದು ರಟ್ಟು ಉಬ್ಬಿಹೋಗಿದೆ, ಪೆನ್ನನ್ನ ಗೋಣಿದಾರದಲ್ಲಿ ಕಟ್ಟಿದಾರೆ. ಆಡೋಕೆ ಬಂದವರು ಹೆಸರು, ಫ್ಲಾಟ್ ನಂಬರು, ಬಂದ ಟೈಮು, ಹೋದ ಟೈಮು ಬರೀಬೇಕು, ಬರೀದೆ ಒಳಗೆ ಹೋದವರದ್ದನ್ನ ಸೆಕ್ಯುರಿಟಿ ಅಣ್ಣನೇ ಅವರ ದುಂಡು ಅಕ್ಷರದಲ್ಲಿ ಬರೆದುಬಿಡ್ತಾರೆ. ಹನ್ನೆರಡು ವರ್ಷದಿಂದ ಇಲ್ಲಿದೀನಿ, ವಾರಕ್ಕೆ ನಾಲ್ಕು ದಿನ ಆ ಬುಕ್ಕಲ್ಲಿ ನನ್ನ ಹೆಸರು ಬರೆದಿದೀನಿ, ಆದ್ರೆ ಅದನ್ನ ಕೂತು ಓದಿದ್ದು ಮಾತ್ರ ಹೋದ ವರ್ಷ ಜೂನಲ್ಲಿ, ಜಗಳ ಜೋರಾದ ಮೇಲೆ.

ಜಗಳ ಪಿಕಲ್‌ಬಾಲಿಂದು, ಹಲಗೆಯಂಥ ಬ್ಯಾಟಲ್ಲಿ ತೂತಿನ ಪ್ಲಾಸ್ಟಿಕ್ ಚೆಂಡು ಹೊಡೆಯೋ ಆಟ. ಬೆಂಗಳೂರಿನ ಕನಕಪುರ ರೋಡಿನ ಈ ಕಡೆ ಈಗ ಯಾವ ಗಲ್ಲಿಗೆ ಹೋದ್ರೂ ಒಂದು ಪಿಕಲ್‌ಬಾಲ್ ಬೋರ್ಡು ಕಾಣುತ್ತೆ, ಖಾಲಿ ಸೈಟಲ್ಲಿ, ಕಟ್ಟಡದ ಟೆರೇಸ್ ಮೇಲೆ, ಎಲ್ಲ ಕಡೆ ನೀಲಿ ಹಸಿರು ಬಣ್ಣ ಬಳಿದು ಫ್ಲಡ್‌ಲೈಟ್ ಹಾಕಿ ಗಂಟೆಗಿಷ್ಟು ಅಂತ ಬಾಡಿಗೆಗೆ ಕೊಡ್ತಾರೆ. ನಮ್ಮಲ್ಲಿ ಅದು ಶುರುವಾಗಿದ್ದು ಒಂದು ಮಾಸ್ಕಿಂಗ್ ಟೇಪಿಂದ. ಎರಡನೇ ಕೋರ್ಟಲ್ಲಿ ಬೇಸ್‌ಲೈನ್ ಹತ್ರ ನೆಲ ಬಿರುಕು ಬಿಟ್ಟಿತ್ತು, ಮಳೆ ಬಂದ್ರೆ ನೀರು ನಿಲ್ತಿತ್ತು, ಹಾಗಾಗಿ ನಾವು ಟೆನಿಸ್‌ನವರು ಅಲ್ಲಿ ಆಡೋದೇ ಕಮ್ಮಿ. ಸಿ ಬ್ಲಾಕಿನ ನಾಲ್ಕು ಜನ ಹುಡುಗ್ರು ಒಂದು ಸಂಜೆ ಟೇಪ್ ಹಾಕಿ ಗೆರೆ ಮಾಡಿ, ಮಡಚೋ ನೆಟ್ ಒಂದು ತಂದು ನಿಲ್ಲಿಸಿ ಆಟ ಶುರು ಮಾಡಿದ್ರು. ಆರು ತಿಂಗಳಲ್ಲಿ ಆ ಕೋರ್ಟಿನ ಬೇಲಿ ಹೊರಗೆ ಸರದಿಗೆ ಕಾಯ್ತಾ ಕೂರೋರು ಹದಿನೈದು ಇಪ್ಪತ್ತು ಜನ ಆದ್ರು. ಅದೇ ಹೊತ್ತಿಗೆ ಎರಡೂ ಕೋರ್ಟಿಗೆ ಹೊಸದಾಗಿ ಅಕ್ರಿಲಿಕ್ ಕೋಟ್ ಹಾಕಿಸೋ ಕೆಲಸ ಬಂತು, ಕಮಿಟಿಯವರು ಹೇಗೂ ದುಡ್ಡು ಹಾಕ್ತಿದೀವಲ್ಲ, ಎರಡನೇ ಕೋರ್ಟನ್ನ ಪೂರ್ತಿ ಪಿಕಲ್‌ಬಾಲಿಗೆ ಮಾಡಿಬಿಡೋಣ ಅಂತ ಪ್ರಸ್ತಾಪ ಇಟ್ರು, ಅಲ್ಲಿಂದ ಶುರು ನೋಡಿ.

ಲೆಕ್ಕ ಹೇಳ್ಬಿಡ್ತೀನಿ, ಯಾಕಂದ್ರೆ ಈ ಜಗಳದ ಬೇರು ಇರೋದೇ ಅಲ್ಲಿ. ಟೆನಿಸ್ ಕೋರ್ಟು ಡಬಲ್ಸ್ ಗೆರೆಯ ಲೆಕ್ಕದಲ್ಲಿ 78 ಅಡಿ ಉದ್ದ 36 ಅಡಿ ಅಗಲ, ಸುತ್ತ ಓಡಾಡೋ ಜಾಗ ಸೇರಿದ್ರೆ 120ಕ್ಕೆ 60. ಪಿಕಲ್‌ಬಾಲಿಂದು ಬರೀ 44ಕ್ಕೆ 20, ಅಂದ್ರೆ ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ. ಅದು ಹುಟ್ಟಿದ್ದೂ ಹಳೇ ಬ್ಯಾಡ್ಮಿಂಟನ್ ಕೋರ್ಟಿನ ಮೇಲೇನೇ, 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ, ಬೇಸಿಗೆ ರಜದಲ್ಲಿ ಮನೇಲಿ ಬೇಜಾರಾಗಿ ಕೂತಿದ್ದ ಮಕ್ಕಳಿಗೋಸ್ಕರ ಅಪ್ಪಂದಿರು ಕೈಗೆ ಸಿಕ್ಕಿದ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಇಟ್ಕೊಂಡು ಮಾಡಿದ ಆಟ. ಒಂದು ಟೆನಿಸ್ ಕೋರ್ಟಿನ ಬೇಲಿಯೊಳಗೆ ಇಂಥ ನಾಲ್ಕು ಕೋರ್ಟು ಕೂರುತ್ತೆ. ಟೆನಿಸ್ ಡಬಲ್ಸ್ ಅಂದ್ರೆ ನಾಲ್ಕು ಜನ, ಅದೇ ಜಾಗದಲ್ಲಿ ಪಿಕಲ್‌ಬಾಲ್ ಅಂದ್ರೆ ಹದಿನಾರು ಜನ. 2024ರ ವಿಂಬಲ್ಡನ್ ಹೊತ್ತಲ್ಲಿ ಟೆನಿಸ್ ಆಟಗಾರ ಜೊಕೊವಿಚ್ ಕೂಡ ಇದನ್ನೇ ಹೇಳಿದ್ರು, ಕ್ಲಬ್ ಮಟ್ಟದಲ್ಲಿ ಟೆನಿಸ್ ಅಪಾಯದಲ್ಲಿದೆ, ಎಲ್ಲರೂ ಸೇರಿ ಏನಾದ್ರೂ ಮಾಡದಿದ್ರೆ ಕ್ಲಬ್ಬುಗಳೆಲ್ಲ ಟೆನಿಸ್ ಥರದ್ದೇ ಇನ್ನೊಂದು ಆಟ ಪ್ಯಾಡೆಲ್, ಪಿಕಲ್‌ಬಾಲ್ ಕಡೆ ತಿರುಗ್ತವೆ, ದುಡ್ಡಿನ ಲೆಕ್ಕ ಹಾಗಿದೆ ಅಂತ. ನಮ್ಮ ಮೀಟಿಂಗಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಇದನ್ನ ಫೋನಲ್ಲಿ ತೆಗೆದು ಗಟ್ಟಿಯಾಗಿ ಓದಿದ್ರು. ಹಿಂದಿನ ಸಾಲಿಂದ ಒಬ್ಬ ಹುಡುಗಿ ಎದ್ದು ನಿಂತು, "ಸರಿ ಅಂಕಲ್, ಏನಾದ್ರೂ ಮಾಡ್ಬೇಕು ಅಂದಿದಾರೆ, ನೀವು ಈ ಹತ್ತು ವರ್ಷದಲ್ಲಿ ಏನ್ ಮಾಡಿದ್ರಿ?" ಅಂತ ಕೇಳಿದ್ಲು. ಕೋಪದಲ್ಲಿ ಕೇಳಿದ್ದಲ್ಲ, ನಿಜವಾಗ್ಲೂ ಉತ್ತರ ಬೇಕು ಅನ್ನೋ ಥರ. ಆ ಪ್ರಶ್ನೆಗೆ ನನ್ನ ಹತ್ರಾನೂ ಉತ್ತರ ಇರ್ಲಿಲ್ಲ, ಅದಕ್ಕೇ ಮಾರನೇ ದಿನ ಹೋಗಿ ಲಾಂಗ್ ಬುಕ್ ಇಸ್ಕೊಂಡೆ.

ಮೇ ತಿಂಗಳ ಪುಟಗಳನ್ನ ಡೈನಿಂಗ್ ಟೇಬಲ್ ಮೇಲೆ ಹರಡ್ಕೊಂಡು ಒಂದು ಸಂಜೆ ಪೂರ್ತಿ ಎಣಿಸಿದೆ. ಟೆನಿಸ್ ಅಂತ ಬರೆದಿದ್ದ ಬೇರೆ ಬೇರೆ ಹೆಸರು ಹತ್ತೊಂಬತ್ತು. ನಾನೂರು ಚಿಲ್ಲರೆ ಮನೆಗಳಲ್ಲಿ ಹತ್ತೊಂಬತ್ತು ಜನ, ಅದ್ರಲ್ಲಿ ಹೆಂಗಸರು ನಾನೂ ಸೇರಿ ಇಬ್ರು. ಪಿಕಲ್‌ಬಾಲ್ ಕಡೆ ಎಂಬತ್ತಮೂರು ಹೆಸರು. ಎಂಟನೇ ಕ್ಲಾಸಿನ ಮಕ್ಕಳು, ಬೆಳಿಗ್ಗೆ ಆರಕ್ಕೆ ಬರೋ ಬ್ಯಾಂಕ್ ರಿಟೈರ್ಡ್ ಗಂಡ ಹೆಂಡ್ತಿ, ಆಫೀಸ್ ಕ್ಯಾಬ್ ಹತ್ತೋ ಮುಂಚೆ ಅರ್ಧ ಗಂಟೆ ಆಡ್ಕೊಂಡು ಹೋಗೋ ಹುಡುಗೀರು. ಫ್ಲಾಟ್ ನಂಬರ್ ನೋಡ್ತಾ ಹೋದ್ರೆ ಅರ್ಧಕ್ಕಿಂತ ಜಾಸ್ತಿ ಬಾಡಿಗೆಯವರು. ಇದು ಮುಖ್ಯ ವಿಷ್ಯ, ಯಾಕಂದ್ರೆ ನಮ್ಮ ಅಸೋಸಿಯೇಷನಲ್ಲಿ ಓಟು ಓನರ್‌ಗಳಿಗೆ ಮಾತ್ರ. ಅತಿ ಹೆಚ್ಚು ಆಡೋರಿಗೆ ಓಟೇ ಇಲ್ಲ, ಓಟಿರೋ ಎಷ್ಟೋ ಓನರ್‌ಗಳು ದುಬೈಲೋ ಪುಣೇಲೋ ಇದಾರೆ, ತಮ್ಮ ಬದಲು ಬೇರೆಯವರು ಓಟು ಹಾಕ್ಲಿ ಅಂತ ಪ್ರಾಕ್ಸಿ ಕಳಿಸ್ತಾರೆ. ಮೇಂಟೆನೆನ್ಸ್ ಮಾತ್ರ ತಿಂಗಳು ತಿಂಗಳು ಬಾಡಿಗೆಯವರ ಅಕೌಂಟಿಂದ ಹೋಗುತ್ತೆ.

ಆ ಎಂಬತ್ತಮೂರು ಹೆಸರಲ್ಲಿ ಒಂದು ನಮ್ಮಮ್ಮಂದು. ಇದು ನಂಗೆ ಗೊತ್ತಿರ್ಲಿಲ್ಲ ಅಂತಲ್ಲ, ವಾಕಿಂಗ್ ಹೋದಾಗ ಒಂದೆರಡು ಸಲ ಆಡಿದೆ ಅಂದಿದ್ರು. ಬುಕ್ಕಲ್ಲಿ ನೋಡಿದ್ರೆ ಆ ತಿಂಗಳು ಇಪ್ಪತ್ತೆರಡು ದಿನ ಅವರ ಹೆಸರಿದೆ, ಅವರದ್ದೇ ಕೈಬರಹ, ಹಳೇ ಕಾಲದ ಟೀಚರಮ್ಮನ ಅಕ್ಷರ, ಹೆಸರಿನ ಕೆಳಗೆ ಒಂದು ಗೆರೆ.

ನಮ್ಮೂರು ಅರಸೀಕೆರೆ. ಅಲ್ಲಿ ನಮ್ಮ ಮನೆ ಹಿತ್ತಲಿಗೆ ತಾಗಿದ ಹಾಗೆ ಒಂದು ಬಾಲ್ ಬ್ಯಾಡ್ಮಿಂಟನ್ ಕೋರ್ಟ್ ಇತ್ತು, ಮಣ್ಣಿನ ಕೋರ್ಟು, ಭಾನುವಾರ ಬೆಳಿಗ್ಗೆ ನೀರು ಹೊಡೆದು ರೋಲರ್ ಎಳೆದು ಸುಣ್ಣದಲ್ಲಿ ಗೆರೆ ಹಾಕೋರು. ಈಗಿನ ಮಕ್ಕಳಿಗೆ ಆ ಆಟದ ಹೆಸರೇ ಗೊತ್ತಿಲ್ಲ, ಹಳದಿ ಉಲ್ಲನ್ ಚೆಂಡು, ಒಂದೊಂದು ಕಡೆ ಐದೈದು ಜನ, ಆಗ 29 ಪಾಯಿಂಟಿನ ಗೇಮು. ಷಟಲ್ ಆದ್ರೆ ಗಾಳಿಗೆ ಹಾರಿ ಹೋಗುತ್ತೆ ಆದ್ರೆ ಉಲ್ಲನ್ ಚೆಂಡಿಗೆ ಬಯಲಲ್ಲೂ ಅಷ್ಟು ತೊಂದ್ರೆ ಇಲ್ಲ, ಅದಕ್ಕೇ ನಮ್ಮ ಕಡೆ ಹೈಸ್ಕೂಲ್ ಮೈದಾನಗಳಲ್ಲೆಲ್ಲ ಅದೇ ಇತ್ತು. ಅಪ್ಪ ಸ್ಕೂಲ್ ಮುಗಿಸಿ ಬಂದು ಕತ್ತಲಾಗೋವರೆಗೂ ಅಲ್ಲೇ. ಚೆಂಡು ಎಷ್ಟೋ ಸಲ ಕಾಂಪೌಂಡ್ ದಾಟಿ ನಮ್ಮ ಹಿತ್ತಲಿಗೆ ಬೀಳೋದು, ದಾಸವಾಳದ ಗಿಡದೊಳಗೆ ಸಿಕ್ಕೊಂಡಿರೋ ಚೆಂಡನ್ನ ಅಮ್ಮ ಕೋಲಲ್ಲಿ ಬಿಡಿಸಿ, ಸೆರಗಲ್ಲಿ ಮಣ್ಣು ಒರೆಸಿ ಆ ಕಡೆ ಎಸೆಯೋರು. ಮೂವತ್ತು ವರ್ಷ ಅವರು ಆ ಆಟದಲ್ಲಿ ಮಾಡಿದ ಕೆಲಸ ಅಷ್ಟೇ. ಅಮ್ಮಾನೂ ಟೀಚರ್ರೇ, ಅಪ್ಪ ಹೋಗ್ತಿದ್ದ ಹೈಸ್ಕೂಲಿಗೇ ಅವರೂ ಹೋಗ್ತಿದ್ರು, ಆದ್ರೆ ಸಂಜೆ ಕೋರ್ಟು ಗಂಡಸರದ್ದು. ಬಾ ಅಂತ ಯಾರೂ ಕರೀಲಿಲ್ಲ, ಇವರೂ ಕೇಳ್ಲಿಲ್ಲ. ಆಮೇಲೆ ಷಟಲ್ ಬ್ಯಾಡ್ಮಿಂಟನ್ ಬಂತು, ಒಳಾಂಗಣ ಬಂತು, ಆ ಮಣ್ಣಿನ ಕೋರ್ಟಿನ ಮೇಲೆ ಸೈಕಲ್ ಸ್ಟ್ಯಾಂಡ್ ಆಯ್ತು. ಅಪ್ಪ ಕೊನೆವರೆಗೂ ಆ ದಾರಿಯಲ್ಲಿ ಹೋಗುವಾಗ ಆ ಕಡೆ ತಿರುಗಿ ನೋಡ್ತಿರ್ಲಿಲ್ಲ.

ಅದಕ್ಕೇ ಈ ವಿಷಯದಲ್ಲಿ ನಂಗೆ ಎರಡೂ ಕಡೆ ನೋವು. ಆಡೋ ಕೋರ್ಟು ಕಣ್ಮುಂದೆ ಹೋದವರ ಮಗಳು ನಾನು, ಕೋರ್ಟಿನ ಹೊರಗೇ ಉಳಿದವರ ಮಗಳೂ ನಾನೇ.

ಒಂದು ದಿನ ಬೆಳಿಗ್ಗೆ ಟೆನಿಸ್ ಬಿಟ್ಟು ಅಮ್ಮನ ಜೊತೆ ಹೋಗಿ ಬೇಲಿ ಹತ್ರ ಕೂತೆ. 68 ವಯಸ್ಸು, ಚೂಡಿದಾರಕ್ಕೆ ಬಿಳಿ ಕ್ಯಾನ್ವಾಸ್ ಶೂ, ದುಪಟ್ಟಾ ಸೊಂಟಕ್ಕೆ ಬಿಗಿದು ಕಟ್ಟಿದಾರೆ. ಪ್ಯಾಡಲ್, ಅಂದ್ರೆ ಆ ಆಟದ ಬ್ಯಾಟು, ಹಿಡಿಯೋ ರೀತಿ ಮೊಗಚೆಕೈ ಹಿಡಿದ ಹಾಗೆ. ಸರ್ವ್ ಕೆಳಗಿಂದ ಹೊಡೀಬೇಕು ಅನ್ನೋದು ಅವರಿಗೆ ದೊಡ್ಡ ಅನುಕೂಲ, ಬಲಭುಜ ಮೇಲಕ್ಕೆ ಎತ್ತೋಕಾಗಲ್ಲ, ಟೆನಿಸ್ ಸರ್ವ್ ಈ ಜನ್ಮದಲ್ಲಿ ಸಾಧ್ಯ ಇಲ್ಲ. ಚೆಂಡಿನ ತುಂಬ ತೂತು ಇರೋದ್ರಿಂದ ಗಾಳಿಯಲ್ಲಿ ವೇಗ ಬೇಗ ಇಳಿಯುತ್ತೆ, ನೋಡಿ, ಕಾದು, ಹೊಡೆಯೋಕೆ ಟೈಮ್ ಸಿಗುತ್ತೆ. ನೆಟ್ಟಿನ ಎರಡೂ ಕಡೆ ಏಳೇಳು ಅಡಿ ಕಿಚನ್ ಅಂತ ಜಾಗ ಇದೆ, ಅದರೊಳಗೆ ನಿಂತು ನೆಲಕ್ಕೆ ಬೀಳದ ಚೆಂಡನ್ನ ಹೊಡೆಯೋ ಹಾಗಿಲ್ಲ, ಹಾಗಾಗಿ ಜೋರಿರೋ ಹುಡುಗ್ರು ನೆಟ್ಟಿಗೆ ಅಂಟ್ಕೊಂಡು ನಿಂತು ಎದೆಗೆ ಬಾರಿಸೋಕೆ ಆಗಲ್ಲ. ಈ ಒಂದು ನಿಯಮದಿಂದ ಇಪ್ಪತ್ತೈದರ ಹುಡುಗ ಒಂದು ಕಡೆ, ಅಮ್ಮ ಇನ್ನೊಂದು ಕಡೆ ನಿಂತ್ರೂ ಆಟ ಆಟವಾಗೇ ಉಳಿಯುತ್ತೆ. ಎದುರುಗಡೆ ಹುಡುಗ ಒಂದು ಸಲ ತಲೆ ಮೇಲಿಂದ ಎತ್ತಿ ಹೊಡೆದ. ಅಮ್ಮ ಹಿಂದಕ್ಕೆ ಹೆಜ್ಜೆ ಇಟ್ಟಿದ್ದೇ ಎಲ್ಲರೂ ಒಟ್ಟಿಗೆ, "ಆಂಟಿ, ಹಿಂದಕ್ಕೆ ಹೋಗ್ಬೇಡಿ, ಬಿಟ್ಬಿಡಿ!" ಅಂತ ಕೂಗಿದ್ರು. ವಯಸ್ಸಾದವರು ಈ ಆಟದಲ್ಲಿ ಮಣಿಕಟ್ಟು ಮುರ್ಕೊಳ್ಳೋದು ಹಾಗೇನೇ, ಚೆಂಡು ನೋಡ್ತಾ ಹಿಂದಕ್ಕೆ ನಡೆದು ಮಗುಚಿಬಿದ್ದು. ಅಮ್ಮ ನಿಂತ್ರು, ಚೆಂಡು ಹೊರಗೆ ಬಿತ್ತು, ಪಾಯಿಂಟ್ ಇವರಿಗೇ ಬಂತು. ಅಪ್ಪ ಹೋದ ಮೇಲೆ ಈ ನಾಲ್ಕು ವರ್ಷದಲ್ಲಿ ಅಮ್ಮನ ಮುಖದಲ್ಲಿ ನಾನು ಹಾಗೊಂದು ನಗು ನೋಡಿರ್ಲಿಲ್ಲ.

ಹಾಗಂತ ಟೆನಿಸ್‌ನ ಬಗ್ಗೆ ಹಗುರವಾಗಿ ಮಾತಾಡೋರನ್ನ ಕಂಡ್ರೆ ನಂಗೆ ಈಗ್ಲೂ ಆಗಲ್ಲ. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಡಬಲ್ಸಲ್ಲಿ ನಂಬರ್ ಒನ್ ಆದಾಗ ನಮ್ಮ ಕೋರ್ಟಿಗೆ ಒಂದೇ ವಾರದಲ್ಲಿ ಎಂಟು ಮಕ್ಕಳು ಬಂದ್ರು, ಹೊಸ ರಾಕೆಟ್ಟು, ಹೊಸ ಟೋಪಿ. ಮಾರ್ಚ್ ಹೊತ್ತಿಗೆ ಇಬ್ರು ಉಳಿದ್ರು. ಟೆನಿಸ್ ಹಾಗೇನೇ, ಚೆಂಡನ್ನ ಹತ್ತು ಸಲ ಆ ಕಡೆ ಈ ಕಡೆ ದಾಟ್ಸೋಕೇ ತಿಂಗಳುಗಟ್ಟಲೆ ಬೇಕು, ಆ ತಿಂಗಳುಗಳಲ್ಲಿ ನೆಟ್ಟಿಗೆ ಹೊಡೀತಾ ಬೇಲಿಗೆ ಹೊಡೀತಾ ಇರೋ ಮಗುವಿಗೆ ಒಂದು ಖಾಲಿ ಕೋರ್ಟ್ ಬೇಕು, ಯಾರೂ ಅವಸರ ಮಾಡದ ಜಾಗ ಬೇಕು. ಸರದಿ ಕಾಯೋ ಇಪ್ಪತ್ತು ಜನ ಬೇಲಿ ಹೊರಗೆ ಕೂತಿದ್ರೆ ಯಾವ ಮಗು ಕಲಿಯುತ್ತೆ? ನನ್ನ ಮಗ ಆ ಉಳಿದ ಇಬ್ಬರಲ್ಲಿ ಒಬ್ಬ. ಬ್ಯಾಕ್‌ಹ್ಯಾಂಡ್ ಸರಿಯಾಗಿ ಕೂರೋಕೆ ಅವನಿಗೆ ಒಂದೂವರೆ ವರ್ಷ ಹಿಡೀತು. ಹಾಗಾಗಿ ಒಂದು ಕೋರ್ಟು ಟೆನಿಸಿಗೆ ಉಳೀಲೇಬೇಕು ಅನ್ನೋದ್ರಲ್ಲಿ ನಾನು ಬಿಟ್ಟುಕೊಡೋಳಲ್ಲ, ಎರಡನ್ನೂ ಪಿಕಲ್‌ಬಾಲಿಗೆ ಮಾಡಿಬಿಡೋಣ ಅಂದವರಿಗೆ ಇದನ್ನೇ ಹೇಳಿದೆ. ನಾಲ್ಕು ನೆಟ್ಟಿನ ಕಂಬ ನೆಲದಲ್ಲಿ ಕೂರಿಸಿದ ಮೇಲೆ ಆ ಜಾಗ ಮತ್ತೆ ಟೆನಿಸ್ ಕೋರ್ಟ್ ಆಗಿದ್ದನ್ನ ನಾನೆಲ್ಲೂ ನೋಡಿಲ್ಲ.

ಅಷ್ಟೊತ್ತಿಗೆ ಎಲ್ಲರೂ ಎರಡನೇ ಕೋರ್ಟನ್ನ ಬಿಟ್ಟುಕೊಡೋದಕ್ಕೆ ಒಪ್ಪೋ ಹಾಗಿದ್ರು. ಟೆನಿಸ್‌ನವರಿಗೆ ಅದು ಹೇಗೂ ಬೇಡದ ಕೋರ್ಟು, ನೀರು ನಿಲ್ಲೋ ಕೋರ್ಟು. ಮುಗೀತು ಅನ್ಕೊಂಡ್ವಿ. ಬಿ ಬ್ಲಾಕಿನ ಎರಡನೇ ಮಹಡಿಯ ನರ್ಸು ಮಾತ್ರ ಮೀಟಿಂಗಿಗೆ ಒಂದು ಪತ್ರ ಕಳಿಸಿದ್ರು, ನೈಟ್ ಶಿಫ್ಟ್ ಮುಗಿಸಿ ಬಂದ್ರೆ ಆಟದ ಸದ್ದಿಗೆ ನಿದ್ದೆ ಬರ್ತಿಲ್ಲ ಅಂತ; ಅವರು ಬರೋಕಾಗಲ್ಲ, ಡ್ಯೂಟಿ. ಪತ್ರ ಓದಿದಾಗ ಒಬ್ರು, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಶಬ್ದ ಮಾಡಬಹುದು, ಕಾನೂನೇ ಇದೆ ಅಂದ್ರು. ಅದು ಅರ್ಧ ಸತ್ಯ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಆರರಿಂದ ಹತ್ತರವರೆಗಿಂದನ್ನ ಹಗಲು ಅಂತ ಕರೆದಿರೋದು ನಿಜ, ಆದ್ರೆ ಮನೆಗಳಿರೋ ಜಾಗಕ್ಕೆ ಹಗಲಲ್ಲೂ 55 ಡೆಸಿಬೆಲ್ ಮಿತಿ ಇದೆ, ರಾತ್ರಿಗೆ 45.

ನಾನು ಅವರ ಮನೆಗೆ ಹೋದೆ. ಬೆಳಿಗ್ಗೆ ಏಳೂವರೆ, ಅವರು ಆಗಷ್ಟೇ ನೈಟ್ ಶಿಫ್ಟ್ ಮುಗಿಸಿ ಬಂದಿದ್ರು, ಕಾಲು ಊದಿತ್ತು, ಯೂನಿಫಾರ್ಮ್ ಬ್ಯಾಗ್ ಬಾಗಿಲ ಹತ್ರಾನೇ ಇತ್ತು. "ಕೂತ್ಕೊಳ್ಳಿ ಅಕ್ಕ, ನಾನೇನೂ ಹೇಳಲ್ಲ, ನೀವೇ ಕೇಳಿ" ಅಂತ ಬೆಡ್‌ರೂಮಲ್ಲಿ ಒಂದು ಕುರ್ಚಿ ಹಾಕಿದ್ರು. ಕಿಟಕಿ ಮುಚ್ಚಿದೆ, ದಪ್ಪ ಪರದೆ ಎಳೆದಿದೆ. ಟಕ್. ಟಕ್ ಟಕ್. ಸ್ವಲ್ಪ ಹೊತ್ತು ಇಲ್ಲ, ಈಗ ನಿಲ್ತು ಅನ್ನೋ ಅಷ್ಟರಲ್ಲಿ ಟಕ್. ಹನಿ ಹನಿ ತೊಟ್ಟಿಕ್ಕೋ ನಲ್ಲಿ ಥರ ಅಂತ ಹೇಳಬಹುದಿತ್ತು, ಆದ್ರೆ ನಲ್ಲಿಗಾದ್ರೆ ಒಂದು ಲಯ ಇರುತ್ತೆ, ಮನಸ್ಸು ಹೊಂದ್ಕೊಳ್ಳುತ್ತೆ. ಇದಕ್ಕಿಲ್ಲ. ಆಗ ಒಂದೇ ನೆಟ್ಟಲ್ಲಿ ಆಡ್ತಿದ್ರು, ನಾಲ್ಕಾದ್ರೆ ಏನು ಅಂತ ಯೋಚನೆ ಮಾಡಿ. ಟೆನಿಸ್ ಚೆಂಡಿಗೆ ಮೇಲೆ ಉಣ್ಣೆಯಂಥ ಹೊದಿಕೆ, ಒಳಗೆ ಗಾಳಿ, ರಾಕೆಟ್ಟಿನ ತಂತಿಯೂ ಸ್ವಲ್ಪ ಒಳಗೆ ಹೋಗುತ್ತೆ, ಹಾಗಾಗಿ ದಪ್ ಅಂತ ತಗ್ಗಿದ ಸದ್ದು. ಇಲ್ಲಿ ಗಟ್ಟಿ ಪ್ಲಾಸ್ಟಿಕ್ ಬಂದು ಗಟ್ಟಿ ಹಲಗೆಗೆ ಬಡಿಯುತ್ತೆ, ಸಾವಿರ ಹರ್ಟ್ಸ್‌ಗೂ ಮೇಲಿನ ಚೂಪು ಸದ್ದು, ಮನುಷ್ಯರ ಕಿವಿ ಚೆನ್ನಾಗಿ ಹಿಡಿಯೋ ಸದ್ದೇ ಅದು. ಅಮೆರಿಕದಲ್ಲಿ ಇದೇ ಸದ್ದಿಗೆ ಅಕ್ಕಪಕ್ಕದವರು ಕೋರ್ಟು ಕಚೇರಿ ಹತ್ತಿದಾರೆ. ಅರ್ಧ ಗಂಟೆ ಕೂತಿದ್ದೆ, ಆ ಅರ್ಧ ಗಂಟೆಯಲ್ಲಿ ಅವರು ಎರಡು ಸಲ ನಿದ್ದೆಗೆ ಜಾರಿ ಎರಡು ಸಲ ಎಚ್ಚರ ಆದ್ರು, ಕಣ್ಣು ತೆರೀಲಿಲ್ಲ, ರೆಪ್ಪೆ ಮಾತ್ರ ಅದುರ್ತಿತ್ತು. ಹೊರಗೆ ಆಡ್ತಿದ್ದವರಲ್ಲಿ ಒಬ್ರು ನಮ್ಮಮ್ಮ. ಅವರ "ಅಯ್ಯೋ, ಹೋಯ್ತು!" ಕೂಡ ಕೇಳಿಸ್ತಿತ್ತು.

ಎರಡನೇ ಕೋರ್ಟಿನ ಬೇಲಿಗೂ ಆ ಕಿಟಕಿಗೂ ಮಧ್ಯೆ ನಲವತ್ತು ಅಡಿ ಇದ್ರೆ ಹೆಚ್ಚು. ಒಂದನೇ ಕೋರ್ಟು ಇರೋದು ಹಿಂದುಗಡೆ, ಒಂದು ಕಡೆ ಕಾಂಪೌಂಡು, ಅದರಾಚೆ ರಾಜಕಾಲುವೆ, ಇನ್ನೊಂದು ಕಡೆ ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ, ಜನರೇಟರ್ ರೂಮು. ಹತ್ತಿರದ ಬೆಡ್‌ರೂಮು ಅಂದ್ರೂ ಅದಕ್ಕೆ ಬೆನ್ನು ತಿರುಗಿಸಿರೋ ಎ ಬ್ಲಾಕು, ಅದೂ ದೂರ. ಪಿಕಲ್‌ಬಾಲ್ ಹೋಗಬೇಕಾದ ಜಾಗ ಅದೇ. ಆದ್ರೆ ಅದು ನಮ್ಮ ಒಳ್ಳೇ ಕೋರ್ಟು. ನೀರು ನಿಲ್ಲಲ್ಲ, ಸಂಜೆ ಹೊಂಗೆಮರದ ನೆರಳು ಬರುತ್ತೆ, ಬೌನ್ಸ್ ಸರಿಯಾಗಿದೆ. ಹನ್ನೆರಡು ವರ್ಷದಲ್ಲಿ ನನ್ನ ಅತಿ ಒಳ್ಳೇ ಸಂಜೆಗಳು ಅಲ್ಲೇ ಕಳೆದಿವೆ.

ಮುಂದಿನ ಮೀಟಿಂಗಲ್ಲಿ ಎದ್ದು ನಿಂತು ಒಂದನೇ ಕೋರ್ಟು ಕೊಡೋಣ, ಕೆಟ್ಟದ್ದನ್ನ ನಾವಿಟ್ಕೊಳ್ಳೋಣ ಅಂದೆ. ಪಾರ್ಟಿ ಹಾಲಲ್ಲಿ ಪ್ಲಾಸ್ಟಿಕ್ ಚೇರುಗಳು ಕಿರ್ರ್ ಅಂದ್ವು, ನಮ್ಮ ಸಾಲು ಪೂರ್ತಿ ನನ್ನ ಕಡೆ ತಿರುಗ್ತು. ಒಂಬತ್ತು ವರ್ಷದಿಂದ ನನ್ನ ಜೊತೆ ಆಡ್ತಿರೋ ಡಬಲ್ಸ್ ಪಾರ್ಟ್‌ನರ್, "ಮೇಡಂ, ನೀವು ನಮ್ಮ ಕಡೆ ಅನ್ಕೊಂಡಿದ್ವಿ" ಅಂದ್ರು. ನಿಮ್ಮ ಕಡೆಯವಳೇ ಸರ್, ಅದಕ್ಕೇ ಹೇಳ್ತಿದೀನಿ ಅಂದೆ. ಜಾಗ ಕಾಮನ್ ಏರಿಯಾ, ನಾನೂರು ಮನೆಗೂ ಅದರಲ್ಲಿ ಪಾಲಿದೆ, ಆ ಪಾಲನ್ನ ಹತ್ತೊಂಬತ್ತು ಜನ ಹನ್ನೆರಡು ವರ್ಷ ಅನುಭವಿಸಿದೀವಿ, ಯಾರನ್ನೂ ಕರೀಲಿಲ್ಲ, ಒಂದು ಬೇಸಿಗೆ ಶಿಬಿರ ಮಾಡ್ಲಿಲ್ಲ, ಹೆಂಗಸರಿಗೆ ಅಂತ ಒಂದು ಗಂಟೆ ಇಡ್ಲಿಲ್ಲ. ಈಗ ಬಿಟ್ಟುಕೊಡುವಾಗಲೂ ನಮಗೆ ಬೇಡದ್ದನ್ನ ಕೊಟ್ಟು, ಅದರ ಸದ್ದನ್ನ ರಾತ್ರಿಯೆಲ್ಲ ರೋಗಿಗಳನ್ನ ನೋಡ್ಕೊಂಡು ಬಂದ ಹೆಣ್ಣುಮಗಳ ತಲೆಗೆ ಕಟ್ಟೋದು ನನ್ನ ಕೈಲಾಗಲ್ಲ. ಗಂಟಲು ಕಟ್ಟಿ ಬಂತು, ಕೂತ್ಕೊಂಡೆ.

ಪಿಕಲ್‌ಬಾಲ್ ಕಡೆಯವರೂ ಸುಮ್ನೆ ಇರ್ಲಿಲ್ಲ, ಹಿಂದುಗಡೆ ಕೋರ್ಟಿಗೆ ಲೈಟು ಸಾಲಲ್ಲ, ಎಸ್‌ಟಿಪಿ ವಾಸನೆ ಬರುತ್ತೆ ಅಂದ್ರು. ಲೈಟು ಹಾಕಿಸೋಣ ಅಂತಾಯ್ತು. ಬಾಡಿಗೆಯವರಿಗೆ ಓಟು ಕೊಡೋಕೆ ಬೈಲಾ ಒಪ್ಪಲ್ಲ, ಸ್ಪೋರ್ಟ್ಸ್ ಕಮಿಟಿಯಲ್ಲಿ ಇಬ್ಬರಿಗೆ ಜಾಗ ಕೊಡೋಣ ಅಂತಾಯ್ತು. ಟೈಮು ಬೆಳಿಗ್ಗೆ ಆರೂವರೆಯಿಂದ ರಾತ್ರಿ ಒಂಬತ್ತು. ಓಟಲ್ಲಿ ನಾನು ಹೇಳಿದ್ದು ಗೆದ್ದಿದ್ದು ಹನ್ನೊಂದು ಓಟಿಂದ. ನನ್ನ ಪಾರ್ಟ್‌ನರ್ ಎರಡು ವಾರ ಫೋನ್ ಮಾಡ್ಲಿಲ್ಲ, ಮೂರನೇ ವಾರ "ನಾಳೆ ಆರೂವರೆ?" ಅಂತ ಒಂದು ಮೆಸೇಜ್ ಬಂತು, ಅಷ್ಟೇ.

ಅಕ್ಟೋಬರಲ್ಲಿ ಪೇಂಟಿನವರು ಬಂದು ಒಂದನೇ ಕೋರ್ಟಿನ ಹಳೇ ಬಿಳಿ ಗೆರೆಗಳ ಮೇಲೆ ನೀಲಿ ಬಣ್ಣ ಎಳೆಯುವಾಗ ನಾನು ಅಲ್ಲಿ ನಿಲ್ಲಲಿಲ್ಲ. ಅಪ್ಪ ಸೈಕಲ್ ಸ್ಟ್ಯಾಂಡ್ ಕಡೆ ತಿರುಗಿ ನೋಡದೆ ಹೋಗ್ತಿದ್ದಿದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು. ಅಮ್ಮ ಮಾತ್ರ ಇಡೀ ದಿನ ಅಲ್ಲೇ ಇದ್ರು, ಗೆರೆ ಹಾಕೋ ಹುಡುಗನಿಗೆ ಎರಡು ಸಲ ಕಾಫಿ ಕೊಟ್ಟು ಬಂದ್ರಂತೆ.

ಮೊನ್ನೆ ರಾತ್ರಿ ಮಳೆ ಬಂದಿತ್ತು. ಬೆಳಿಗ್ಗೆ ಎರಡನೇ ಕೋರ್ಟಲ್ಲಿ, ಹೊಸ ಕೋಟ್ ಹಾಕಿಸಿದ್ರೂ ಬೇಸ್‌ಲೈನ್ ಹತ್ರ ನೀರು ನಿಂತಿತ್ತು, ನಾನು, ಮಗ ಇಬ್ರೂ ವೈಪರ್ ಹಿಡಿದು ತಳ್ತಿದ್ವಿ. ನರ್ಸು ಡ್ಯೂಟಿಯಿಂದ ಬರ್ತಿದ್ದವರು ಬೇಲಿ ಹತ್ರ ನಿಂತ್ರು. "ನೀರು ಇನ್ನೂ ನಿಲ್ಲುತ್ತಾ ಅಕ್ಕ?" ಅಂದ್ರು. ಹತ್ತು ನಿಮಿಷದ ಕೆಲಸ ಬಿಡಿ, ನೀವು ಹೋಗಿ ಮಲ್ಕೊಳ್ಳಿ ಅಂದೆ. ಅವರು ಮೇಲೆ ಹೋದ ಸ್ವಲ್ಪ ಹೊತ್ತಿಗೆ ಆ ಕಿಟಕಿಯ ಪರದೆ ಮುಚ್ಚಿತು. ಹಿಂದುಗಡೆಯಿಂದ, ಕಿವಿಗೊಟ್ಟು ಕೇಳಿದ್ರೆ ಮಾತ್ರ ಗೊತ್ತಾಗೋ ಹಾಗೆ, ಟಕ್ ಟಕ್ ಶುರುವಾಗಿತ್ತು. ಮಗ ವೈಪರನ್ನ ಬೇಲಿಗೆ ಒರಗಿಸಿ, ನೆಲ ಕೈಯಲ್ಲಿ ಮುಟ್ಟಿ ನೋಡಿ, ಒಣಗಿದೆ ಅಮ್ಮ, ಸರ್ವ್ ಮಾಡು ಅಂದ.